ವ್ರತದವರ ಪಾದ

ಕೆರೆ ಉಳಿಸಲು ಸುನೈನಾ ಭಿತ್ತಿಪತ್ರ, ಭಾಷಣ ಎಂದು ಉದ್ದನೆಯ ಯೋಜನೆ ಹಾಕಿದ್ದಳು. ಅತ್ತೆ ಫುಲ್‌ಮತಿ ನಕ್ಕುಬಿಟ್ಟಳು.

“ಯಾರು ಓದ್ತಾರೆ ಅದನ್ನ, ಹುಚ್ಚಿ? ಛಠ್ ಹಬ್ಬದ ದಿನ ವ್ರತದವರ ಕಾಲಿಗೆ ಊರೇ ಬೀಳುತ್ತೆ. ಅವತ್ತು ಕೇಳಿದ್ರೆ ಇಲ್ಲ ಅನ್ನೋ ಗಂಡು ಇನ್ನೂ ಹುಟ್ಟಿಲ್ಲ.”

ಛಠ್ ಮುಂಜಾನೆ ಸೂರ್ಯನಿಗೆ ಅರ್ಘ್ಯ ಕೊಟ್ಟು, ಒಂದೂವರೆ ದಿನದಿಂದ ನೀರೂ ಕುಡಿಯದ, ಫುಲ್‌ಮತಿಯೂ ಸೇರಿ ಹನ್ನೊಂದು ಹೆಂಗಸರು ಕೆರೆಯಿಂದ ಮೇಲೆ ಬಂದರು. ಪ್ರಸಾದಕ್ಕೆ ಕೈಯೊಡ್ಡಿದವರಿಂದೆಲ್ಲ ‘ಕೆರೆಗೆ ಕೊಳಕು ಬಿಡೊಲ್ಲ’ ಎಂದು ಮಾತು ಪಡೆದರು. ಬಣ್ಣದ ಕಾರ್ಖಾನೆಯ ಮಾಲೀಕ ರಾಮೌತಾರ್ ಸಾಹುವೂ ಫುಲ್‌ಮತಿಯ ಕಾಲಿಗೆ ಬಾಗಿದ.

“ಮುಟ್ಟೋಕೆ ಮುಂಚೆ ನೋಡಪ್ಪ.”

ಕೆರೆಯ ನೀರಲ್ಲಿ ನಿಂತು ಪಾದಗಳು ನೀಲಿಯಾಗಿದ್ದವು. ಸಾಹು ಶಾಲಿನಿಂದ ಒರೆಸಿದ, ಬಣ್ಣ ಹೋಗಲಿಲ್ಲ.

“ನಾಳೆನೇ ಕೆರೆಗೆ ಬಿಟ್ಟಿರೋ ಪೈಪು ಕೀಳಿಸ್ತೀನಿ, ಮಾಯಿ.”

“ನಿಧಾನವಾಗಿ ಕೀಳಿಸು. ಅಲ್ಲೀವರೆಗೂ ನಾನು ನೀರು ಕುಡಿಯಲ್ಲ.”

ಸಾಹು ಚಪ್ಪಲಿ ಬಿಟ್ಟೇ ಓಡಿದ. ಸುನೈನಾ ಅತ್ತೆಯ ನೀಲಿ ಪಾದಗಳನ್ನು ಕಣ್ಣಿಗೊತ್ತಿಕೊಂಡಳು.