ತಾಯಿ ಹರಳಿನ ಪಕ್ಷಪಾತ

ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ಉಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡಬಾರದು. ಮಾಡಿದರೂ ಒಂದೇ ಪ್ರಶ್ನೆಗೆ ಲೆಕ್ಕ ಹಾಕಬಾರದು. ಹಿರಿಸೊಸೆಗೆ ಈ ಬುದ್ಧಿ ಬರುವಷ್ಟರಲ್ಲಿ ಕಾಲ ಮಿಂಚಿತ್ತು.

ಪ್ರಶ್ನೆ ಇಷ್ಟೇ. ಕೆಂಪಗೆ ಕಾದ ಉಕ್ಕಿನೊಳಗಿನ ಹರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿಕೊಂಡಿರುತ್ತವೆ. ಉಕ್ಕು ತಣಿಯುವಾಗ ಆ ತಾಯಿ ಹರಳು ಹೋಗಿ ಮರಿ ಹರಳುಗಳು ಹುಟ್ಟುತ್ತವೆ. ಮರಿಗಳು ತಾಯಿಯ ದಿಕ್ಕನ್ನು ಪೂರ್ತಿ ಮರೆಯುವುದಿಲ್ಲ, ಅದನ್ನು ಹಿಡಿದೇ ಇಪ್ಪತ್ತನಾಲ್ಕು ಬಗೆಯಲ್ಲಿ ವಾಲಬಹುದು. ಇಪ್ಪತ್ತನಾಲ್ಕಕ್ಕೂ ಸಮಪಾಲು ಎಂದು ಹಿರಿಸೊಸೆ ಒಂಬತ್ತು ವರ್ಷ ಕೂತು ಮಾದರಿ ಕಟ್ಟಿದ್ದಳು. ಮೊನ್ನೆ ಮೊನ್ನೆ ಬಂದ ಕಿರಿಸೊಸೆ ಮೂರೇ ತಿಂಗಳಲ್ಲಿ ಬೇರೆ ಮಾದರಿ ಬರೆದಳು. ಉರುಳೆಗಳ ನಡುವೆ ಒತ್ತಿಸಿಕೊಂಡ ತಾಯಿ ಹರಳು ಪಕ್ಷಪಾತ ಮಾಡುತ್ತದೆ, ನಾಲ್ಕೈದು ಮರಿಗಳಿಗೇ ಜಾಗವೆಲ್ಲ ಕೊಡುತ್ತದೆ ಎಂದಳು. ಅತ್ತೆ ಈ ಕಿರಿಯಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದನ್ನು ದಿನಾ ನೋಡಿಯಾದರೂ ಇದು ತನಗೇ ಹೊಳೆಯಬೇಕಿತ್ತಲ್ಲ ಎಂದು ಹಿರಿಸೊಸೆಗೆ ಹೊಟ್ಟೆ ಉರಿದುಹೋಯಿತು.

"ಎರಡನ್ನೂ ಪರೀಕ್ಷೆ ಮಾಡಿಬಿಡೋಣ," ಎಂದರು ಲ್ಯಾಬಿನ ಮುಖ್ಯಸ್ಥರು. "ಅಳತೆಗೆ ಯಾವುದು ಹೊಂದುತ್ತೋ ಅದು ಕಾರ್ಖಾನೆಗೆ. ಗೆದ್ದವರೇ ಹೊಸ ತಂಡ ನಡೆಸಲಿ."

ಅಳೆಯುವ ಕೆಲಸ ಹಿರಿಸೊಸೆಗೇ ಬಂತು. ಸೂಕ್ಷ್ಮದರ್ಶಕದ ಮುಂದೆ ಅವಳನ್ನು ಮೀರಿಸುವವರು ಆ ಕಟ್ಟಡದಲ್ಲಿ ಯಾರಿದ್ದರು?

ಅಳತೆ ಬಂತು. ಹಿರಿಯಳ ಲೆಕ್ಕ ಅಷ್ಟಿಷ್ಟು ಹೊಂದಿತು, ಕಿರಿಯಳದು ಎಲ್ಲಿಯೂ ಹೊಂದಲಿಲ್ಲ. ಆ ಮಧ್ಯಾಹ್ನ ಹಿರಿಸೊಸೆಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಕೈ ತೊಳೆದು ಬಂದು ಅಳೆದ ಉಕ್ಕಿನ ತುಂಡನ್ನು ಸೂಕ್ಷ್ಮದರ್ಶಕದಿಂದ ಹೊರತೆಗೆಯಲು ಹೋದಾಗ ಅದರ ಅಂಚಿನಲ್ಲಿದ್ದ ಬಾಣದ ಗೀರು ಕಣ್ಣಿಗೆ ಬಿತ್ತು. ಉಕ್ಕು ಉರುಳೆಗಳ ನಡುವೆ ಯಾವ ಕಡೆಗೆ ಹಾದಿತ್ತೆಂದು ತಿಳಿಯಲು ಕತ್ತರಿಸಿದ ತಕ್ಷಣ ಹಾಕುವ ಗುರುತು ಅದು. ನೇರ ಇರಬೇಕಾದ ಬಾಣ ಅಡ್ಡ ಕೂತಿತ್ತು. ಕೂರಿಸಿದವಳು ತಾನೇ. ಕಂಪ್ಯೂಟರಿನಲ್ಲಿ ಅಳತೆಯ ನಕ್ಷೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿದಳು. ಕಿರಿಯಳ ಲೆಕ್ಕ ಚುಕ್ಕೆಗೆ ಚುಕ್ಕೆ ಬಂದು ಕೂತಿತು.

ಹಿರಿಸೊಸೆ ಫೈಲು ಮುಚ್ಚಿದಳು. ಬಾಯಿಯನ್ನೂ ಮುಚ್ಚಿದಳು.

ಎಂಟು ದಿನ ಹಾಗೇ ನಡೆಯಿತು. ಕಿರಿಯಳು ಅತ್ತು ಕರೆದು ಜಗಳ ತೆಗೆದಿದ್ದರೆ, ಅತ್ತೆಯ ಹತ್ತಿರ ಚಾಡಿ ಹೇಳಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದಿತ್ತು. ಆ ಪುಣ್ಯಾತ್ಗಿತ್ತಿ ಅಡುಗೆಮನೆಯಲ್ಲಿ ಪಕ್ಕದಲ್ಲೇ ನಿಂತು ಪಾತ್ರೆ ಒರೆಸುತ್ತ, "ನಿಮ್ಮ ಕೈಯಲ್ಲಿ ಆದ ಅಳತೆ ಅಕ್ಕಾ, ನಾನೇನು ಹೇಳ್ಲಿ," ಎಂದು ನಕ್ಕಳು. ಆ ನಗು ಹಿರಿಸೊಸೆಯ ನಿದ್ದೆ ಕೆಡಿಸಿತು.

ಹೊಸ ತಂಡದ ಪತ್ರಕ್ಕೆ ಮುಖ್ಯಸ್ಥರು ಸಹಿ ಹಾಕಬೇಕಿದ್ದ ಬೆಳಿಗ್ಗೆ ಅವಳು ಕಿರಿಯಳನ್ನು ಲ್ಯಾಬಿನ ಕಾರಿಡಾರಿಗೆ ಕರೆದಳು.

"ತುಂಡು ಅಡ್ಡ ಕೂತಿತ್ತು ಕಣೆ. ಕೂರಿಸಿದ್ದು ನಾನೇ. ನಿನ್ನ ಲೆಕ್ಕಾನೇ ಸರಿ."

"ಗೊತ್ತಿತ್ತಕ್ಕ," ಎಂದಳು ಕಿರಿಸೊಸೆ. "ಅಳತೆ ಕೈಗೆ ಸಿಕ್ಕಿದ ದಿನಾನೇ ತಿರುಗಿಸಿ ನೋಡಿದ್ದೆ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನಾನು ಹೇಳಿದ್ರೆ ನಿಮ್ಮ ಹೆಸರು ಹಾಳಾಗ್ತಿತ್ತು. ನೀವೇ ಹೇಳಿದ್ರೆ ಹಾಗಾಗಲ್ಲ. ಅದಕ್ಕೇ ಕಾದೆ."

"ನಾನು ಹೇಳದೇ ಇದ್ದಿದ್ರೆ?"

"ಹೇಳ್ತೀರಿ ಅಂತ ಗೊತ್ತಿತ್ತು."

ಹಿರಿಸೊಸೆ ಗೋಡೆಗೆ ಒರಗಿದಳು. ಎಂಟು ದಿನ ಒದ್ದಾಡಿ ಒಂದು ಒಳ್ಳೆಯ ಕೆಲಸ ಮಾಡಲು ಬಂದಿದ್ದಳು. ಅದರಲ್ಲೂ ಇವಳು ಎಂಟು ದಿನ ಮುಂದೆ. ಲೆಕ್ಕ ಹೋದದ್ದನ್ನು ನುಂಗಿಕೊಳ್ಳಬಹುದಿತ್ತು, ತಂಡ ಹೋದದ್ದನ್ನೂ. ಒಳ್ಳೆಯತನದಲ್ಲಿ ಸೋಲಿಸಿದ್ದನ್ನು ಮಾತ್ರ ಈ ಜನ್ಮದಲ್ಲಿ ಕ್ಷಮಿಸಲಾರೆ ಎಂದುಕೊಳ್ಳುತ್ತಲೇ ಅವಳು ಹೋಗಿ ಮುಖ್ಯಸ್ಥರ ಬಾಗಿಲು ತಟ್ಟಿದಳು.