ಭೋಜನ ಬಟ್ಟಲು

ಎಂಬತ್ತೈದರ ಆಗಸ್ಟಿಗೆ ನನ್ನ ಗಂಡ ಸತ್ತು ಒಂದು ವರ್ಷ. ನಮ್ಮ ಉಡುಪಿ ಕಡೆ ಸತ್ತವರಿಗೆ ಅಗೆಲು ಹಾಕುತ್ತೇವೆ. ಅವರಿಗೆ ಪ್ರಿಯವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ, ಆಮೇಲೆ ಅದೇ ಎಲೆಯಿಂದ ನಾವೂ ತಿನ್ನಬೇಕು. ಅಮೆರಿಕದ ಸ್ಯಾನ್ ಹೊಸೆಗೆ ಬಂದರೇನು, ಸತ್ತವರಿಗೆ ಹಸಿವಿಲ್ಲವೇ? ಕೋಳಿ, ರೊಟ್ಟಿ, ಒಂದು ಗುಟುಕು ಬ್ರಾಂಡಿ, ಎಲ್ಲ ನನಗೆ ಗೊತ್ತಿತ್ತು.

ಗೊತ್ತಿಲ್ಲದ್ದು ಒಂದೇ. ಕೊನೆಯ ಎರಡು ವರ್ಷ ಪ್ರತಿ ಶನಿವಾರ ಅವರು ಯಾವುದೋ ವಿಯೆಟ್ನಾಮಿನವರ ಅಂಗಡಿಯಲ್ಲಿ ಶ್ಯಾವಿಗೆ ಸಾರು ತಿಂದು ಬರುತ್ತಿದ್ದರು. “ಒಮ್ಮೆ ಬಾ ಮಾರಾಯ್ತಿ” ಎಂದು ಕರೆದೂ ಕರೆದೂ ಸೋತರು. “ಶ್ಯಾವಿಗೆ ಹಾಕಿದ ನೀರಿಗೆ ಎಂತ ಅಷ್ಟು ದೊಡ್ಡಸ್ತಿಕೆ?” ಎಂದು ನಾನು ಮುಖ ತಿರುಗಿಸುತ್ತಿದ್ದೆ. ಈಗ ಆ ಸಾರಿಲ್ಲದೆ ಎಲೆ ಹಾಕಿದರೆ ಅವರು ಅರೆಹೊಟ್ಟೆಯಲ್ಲೇ ಏಳುತ್ತಾರೆ ಎಂಬ ಸಂಕಟ ನನ್ನನ್ನು ಬಿಡಲಿಲ್ಲ.

ಪಕ್ಕದ ಅಪಾರ್ಟ್‌ಮೆಂಟಿನ ಮೈಸೂರಿನ ಮೈಥಿಲಿ ಕಾರು ತೆಗೆದಳು. ಡೌನ್‌ಟೌನಿನಲ್ಲಿ ಅಂಥ ಅಂಗಡಿಗಳು ನಾಯಿಕೊಡೆಯಂತೆ ಎದ್ದಿದ್ದವು. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನನಗಿಲ್ಲ, ಫೋಟೊ ತೋರಿಸುತ್ತ ಹೋದೆ. ಎರಡು ಕಡೆ ತಲೆಯಾಡಿಸಿದರು. ಮೂರನೆಯ ಅಂಗಡಿಯ ಒಡತಿ ಲಾನ್ ಫೋಟೊ ನೋಡಿದ್ದೇ, “ಬೋ! ಮಿಸ್ಟರ್ ಬೋ!” ಎಂದು ಕೂಗಿದಳು.

“ಬೋ ಅಲ್ಲ, ಭೋಜ” ಎಂದು ತಿದ್ದಿದ ಮೈಥಿಲಿ ಗೋಡೆಯ ಮೆನು ಓದಿ ಬಾಡಿಹೋದಳು. “ರೀ ಗುಲಾಬಿ, ಬೋ ಅಂದ್ರೆ ಇವರ ಭಾಷೇಲಿ ಬೀಫು ಕಣ್ರೀ.”

ಲಾನ್ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಮೊದಲ ದಿನ ಅವಳು ಯಾವುದು ಬೇಕೆಂದು ಕೇಳಿದ್ದಾಳೆ. ಇವರು ಹೆಸರು ಕೇಳುತ್ತಿದ್ದಾಳೆಂದು ತಿಳಿದು “ಭೋಜ” ಎಂದಿದ್ದಾರೆ. ಅವಳು ದನದ ಮಾಂಸದ ಸಾರು ತಂದಿಟ್ಟಿದ್ದಾಳೆ. ಮೂರನೆಯ ವಾರ ಇವರೇ ಮೆನು ಓದಿ, ತಿಂದದ್ದು ಏನೆಂದು ತಿಳಿದು ನಕ್ಕರಂತೆ. ಮುಂದಿನ ಶನಿವಾರ ಮತ್ತೆ ಹಾಜರು!

ನನಗೆ ಸಿಟ್ಟು ನೆತ್ತಿಗೇರಿತು. ದನ ತಿಂದು ಬಂದು ನನ್ನ ದೇವರ ದೀಪದ ಮುಂದೆ ಕೈಮುಗಿಯುತ್ತಿದ್ದರಲ್ಲ ಈ ಮಹಾನುಭಾವರು!

ಲಾನ್ ನನ್ನ ಕೈ ಹಿಡಿದಳು. “ಹೆಂಡತಿ ಬರ್ತಾಳೆ, ಅವಳಿಗೆ ಕೋಳಿದು ಮಾಡಿಕೊಡು ಅಂತಿದ್ರು. ಪ್ರತಿ ಶನಿವಾರ.”

ಸಿಟ್ಟು ಅಲ್ಲೇ ಇಳಿಯಿತು. ಕಣ್ಣು ತುಂಬಿತು.

“ಕೋಳಿದೇ ತಗೊಂಡು ಹೋಗೋಣ. ಯಾರಿಗೆ ಗೊತ್ತಾಗತ್ತೆ?” ಎಂದಳು ಮೈಥಿಲಿ.

“ತಿನ್ನುವವರಿಗೆ ಗೊತ್ತಾಗ್ತದೆ” ಎಂದೆ. ಎರಡೂ ಕಟ್ಟಿಸಿಕೊಂಡೆ.

ಎಲೆಯ ಮೇಲೆ ಅವರ ಬಟ್ಟಲು ಇಟ್ಟೆ. ನನ್ನ ಕೋಳಿ ಸಾರು ಒಲೆಯ ಮೇಲೆ ಬೆಚ್ಚಗಿತ್ತು. ಬಾಗಿಲು ಮುಚ್ಚಿ ಹೊರಗೆ ನಿಂತೆ. ಒಳಗೆ ಬಂದು ಎಲೆಯ ಮುಂದೆ ಕುಳಿತೆ. ದೇವರಲ್ಲಿ ತಪ್ಪೊಪ್ಪಿಕೊಂಡು, ತುಂಡುಗಳನ್ನು ಬದಿಗೆ ಸರಿಸಿ, ಅವರ ಬಟ್ಟಲಿನಿಂದಲೇ ಒಂದು ಚಮಚ ಸಾರು ಕುಡಿದೆ. ಚಕ್ಕೆ, ಲವಂಗ, ನಮ್ಮ ಮಸಾಲೆ ಡಬ್ಬಿಯದೇ ಪರಿಮಳ.

ಸಾರು ತಣ್ಣಗಾಗಿತ್ತು. ಕರೆದಾಗಲೇ ಹೋಗಿದ್ದರೆ ಬಿಸಿಯಾಗಿ ಸಿಗುತ್ತಿತ್ತು.