ಎರಡನೇ ಬಟ್ಟಲು ಸೂಪ್

೧

ಎಲ್ಲಿಂದ ಶುರುಮಾಡಲಿ? ಹಿಮದಿಂದ ಶುರುಮಾಡಬೇಕೆಂಬ ಆಸೆ. ಆದರೆ ನಾನು ಹಿಮ ನೋಡಿದವನಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾಗುವುದನ್ನು ಚಮಚದಲ್ಲಿ ಕೆರೆದು ತೆಗೆದಿದ್ದೇನೆ, ಅಷ್ಟೇ ನನ್ನ ಅನುಭವ. ಹಾಗಿದ್ದೂ ನಾಗಸಂದ್ರದ ಬಾಡಿಗೆ ಮನೆಯಲ್ಲಿ, ಫ್ಯಾನಿನ ಕೆಳಗೆ ಕೂತು, ‘ಬೆಟ್ಟದ ಮೇಲೆ ರಾತ್ರಿಯಿಡೀ ಹಿಮ ಸುರಿದಿತ್ತು’ ಎಂದು ಬರೆದೆ. ನೀವು ಅದನ್ನು ನಂಬಿಬಿಡುತ್ತೀರಿ ಎಂಬುದೇ ನನಗೆ ಭಯ.

(ನಂಬಲಿಲ್ಲವೇ? ಒಳ್ಳೆಯದಾಯಿತು. ಗುಮಾನಿ ಇಟ್ಟುಕೊಂಡೇ ಓದಿ. ನಿಮ್ಮ ಮೇಲೆ ನನಗೂ ಇದೆ. ಕೊನೆಯ ಪ್ಯಾರಾಕ್ಕೆ ಈಗಾಗಲೇ ಒಮ್ಮೆ ಹೋಗಿಬಂದಿದ್ದೀರಿ, ಹೌದು ತಾನೇ?)

೨

‘ಹೆಲಿಕಾಪ್ಟರ್ ಶಿಖರದ ನೆತ್ತಿಯ ಮೇಲೆ ಇಳಿಯಿತು. ಹಳದಿ ಜಾಕೆಟ್ಟಿನ ಯುವಕ ಎಲ್ಲರಿಗಿಂತ ಮೊದಲು ಜಿಗಿದ.’

ಇದು ಮೊದಲ ಕರಡು. ಮುದುಡಿ ಎಸೆದೆ. (ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಮುದುಡುವುದು ಹೇಗೆ ಎಂದು ಕೇಳಬೇಡಿ, ಲೇಖಕರಿಗೆ ಅಷ್ಟು ಸುಳ್ಳು ಮಾಫಿ ಇದೆ.) ಕಾರಣ ಇಷ್ಟೇ, ಕಥೆ ಅಲ್ಲಿ ನಡೆಯುವುದೇ ಇಲ್ಲ. ಅದು ನಡೆಯುವುದು ಮಹದೇವಪುರದಲ್ಲಿ, ರಿಂಗ್ ರೋಡಿನ ಪಕ್ಕದ ಗಾಜಿನ ಕಟ್ಟಡವೊಂದರಲ್ಲಿ, ಮಹಾನಂದಾಳ ಮೇಜಿನ ಮೇಲೆ.

ಮಹಾನಂದಾ ಸುರಪುರದ ಕಡೆಯವಳು. ಇಂಗ್ಲಿಷ್ ಎಂ.ಎ. ಮಾಡಿದವಳು. ಕಾಡುಗೋಡಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಾಳೆ. ಅವಳ ಕೆಲಸ ಏನೆಂದು ಹೇಳಿದರೆ ನಾನು ಕಥೆ ಕಟ್ಟಿದ್ದೇನೆ ಅನ್ನುತ್ತೀರಿ. ಕೆನಡಾದ ಯಾವುದೋ ಮೂಲೆಯ ಬೆಟ್ಟಗಳ ನಡುವೆ ಒಂದು ಲಾಡ್ಜ್ ಇದೆ. ಅಲ್ಲಿಗೆ ರಸ್ತೆಯಿಲ್ಲ, ಫೋನು ಸಿಕ್ಕರೆ ಸಿಕ್ಕಿತು. ಅತಿಥಿಗಳನ್ನು ಹೆಲಿಕಾಪ್ಟರಿನಲ್ಲಿ ಬೆಟ್ಟದ ತುದಿಗೆ ಒಯ್ದು ಬಿಡುತ್ತಾರೆ. ಅವರು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಕೆಳಗಿಳಿಯುತ್ತಾರೆ. ಇಳಿದ ಮೇಲೆ ಮತ್ತೆ ಹೆಲಿಕಾಪ್ಟರು, ಮತ್ತೆ ತುದಿ. ಆ ಲಾಡ್ಜಿನ ವೆಬ್‌ಸೈಟಿನಲ್ಲಿ ದಿನಾ ಒಂದು ವರದಿ ಬರುತ್ತದೆ. ಇವತ್ತು ಎಷ್ಟು ಹಿಮ ಬಿತ್ತು, ಗಾಳಿ ಹೇಗಿದೆ, ಅತಿಥಿಗಳು ಯಾವ ಇಳಿಜಾರಿಗೆ ಹೋದರು, ಹೇಗೆ ಮರಳಿದರು. ಅದನ್ನು ಬರೆಯುವವಳು ಮಹಾನಂದಾ.

ಒಂದೇ ನಿಯಮ: ವರದಿಯಲ್ಲಿ ‘ನಾವು’ ಎಂದೇ ಬರೆಯಬೇಕು. ‘ನಾವು ಇಂದು ಉತ್ತರದ ಇಳಿಜಾರಿಗೆ ಹಾರಿದೆವು.’ ಓದುವವರಿಗೆ ಬೆಂಗಳೂರಿನ ವಾಸನೆ ಬಡಿಯಬಾರದು.

೨ (ಮತ್ತೆ, ಯಾಕೆಂದರೆ ಪಿಳ್ಳಮ್ಮನನ್ನು ಮರೆತಿದ್ದೆ)

ಪಿಳ್ಳಮ್ಮ ಮಹಾನಂದಾಳ ಮನೆ ಓನರ್. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವಳ ನಾಲ್ಕು ಮಹಡಿ ನಿಂತಿದೆ. ಬಾಡಿಗೆಯವರ ಮೇಲೆ ಅನುಮಾನ ಪಡುವುದು ಅವಳ ಹಕ್ಕು ಎಂದು ಅವಳೂ ನಂಬಿದ್ದಾಳೆ, ಬಾಡಿಗೆಯವರೂ ನಂಬಿದ್ದಾರೆ.

“ಅದೇನ್ ಕೆಲ್ಸಾನವ್ವಾ ನಿಂದು? ಮದ್ಯಾನ ಓಗ್ತೀಯ, ಕತ್ಲಾದ್ಮೇಲೆ ಬತ್ತೀಯ.”

“ಹಿಮ ಬೀಳೋದು ಬರೀತೀನ್ರಿ ಅಮ್ಮ.”

“ಎಲ್ಲಿ, ನಂದಿ ಬೆಟ್ಟದಾಗಾ?”

“ಇಲ್ರಿ, ಕೆನಡಾದಾಗ.”

“ನೀನ್ ಅಲ್ಲಿಗೆ ಓಗಿದ್ದಾ?”

“ಇಲ್ರಿ.”

“ಮತ್ತೆ ಅದ್ಯಂಗ್ ಬರೀತೀಯಾ? ಸುಳ್ಳಾ?”

ಮಹಾನಂದಾ ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. ಪಿಳ್ಳಮ್ಮ ಅದನ್ನೇ ಉತ್ತರವೆಂದು ಒಪ್ಪಿಕೊಂಡಂತೆ ಒಳಗೆ ಹೋಗಿ ಹುರುಳಿಕಟ್ಟಿನ ಸಾರು ತಂದಳು. ಪಿಳ್ಳಮ್ಮನಿಗೆ ಒಂದು ಪದ್ಧತಿ. ಎಷ್ಟೇ ಅನುಮಾನವಿದ್ದರೂ ಒಂದು ಬಟ್ಟಲಿಗೆ ನಿಲ್ಲಿಸಿದವಳಲ್ಲ. ಮೊದಲನೆಯದು ಮುಗಿಯುವ ಮೊದಲೇ ಸೌಟು ಹಿಡಿದು ನಿಂತಿರುತ್ತಾಳೆ. “ಇನ್ನೊಂದ್ ಬಟ್ಲು ಆಕ್ಲಾ?”

ಈ ಬಟ್ಟಲನ್ನು ನೆನಪಿಡಿ. (ಇಂಥ ಸೂಚನೆ ಕೊಡುವ ಲೇಖಕರನ್ನು ನಾನೂ ನಂಬುವುದಿಲ್ಲ.)

೩

ಅಲ್ಲಿ ಬೆಳಗಾದಾಗ ಇಲ್ಲಿ ಸಂಜೆ. ಲಾಡ್ಜಿನ ಗೈಡ್ ಎದ್ದು, ಕಾಫಿ ಕುಡಿಯುತ್ತ, ಫೋನಿನಲ್ಲಿ ತನ್ನ ದನಿ ರೆಕಾರ್ಡ್ ಮಾಡಿ ಲಾಡ್ಜಿಗಿರುವ ಒಂದೇ ಆಂಟೆನಾ ಮೂಲಕ ಕಳಿಸುತ್ತಾನೆ. ಹೊಸ ಹಿಮ ಇಷ್ಟು, ಗಾಳಿ ಇಂಥ ಕಡೆಯಿಂದ, ನಿನ್ನೆ ಹೋದವರು ಬಂದರು, ಇವತ್ತು ಇಂಥ ಕಡೆ ಹೋಗುತ್ತಾರೆ. ಮಹಾನಂದಾ ಅದಕ್ಕೆ ಇಂಗ್ಲಿಷಿನಲ್ಲಿ ಒಗ್ಗರಣೆ ಹಾಕುತ್ತಾಳೆ.

ಆದರೆ ಅತಿಥಿಗಳು ಲಾಡ್ಜಿಗೆ ಮರಳುವಾಗ ಇಲ್ಲಿ ನಸುಕು. ಅಷ್ಟು ಹೊತ್ತು ಯಾರು ಕಾಯಬೇಕು? ಟೀಂ ಲೀಡ್ ಶಶಿಕುಮಾರ್ ಒಂದು ಉಪಾಯ ಮಾಡಿದ್ದ. ‘ಮರಳಿ ಬಂದರು’ ಎಂಬ ಪ್ಯಾರಾವನ್ನೂ ಸಂಜೆಯೇ ಬರೆದಿಟ್ಟುಬಿಡುವುದು. ಅಲ್ಲಿ ಕತ್ತಲಾಗುವಾಗ ಅದು ತಾನಾಗಿ ಪ್ರಕಟವಾಗುತ್ತದೆ. ‘ಎಲ್ಲರೂ ಕೆನ್ನೆ ಕೆಂಪಗೆ ಮಾಡಿಕೊಂಡು ನಗುತ್ತ ಮರಳಿದರು. ಬಿಸಿ ಸೂಪ್ ಕಾಯುತ್ತಿತ್ತು.’ ಹೀಗೆ ಅತಿಥಿಗಳು ಹೋಗುವ ಮೊದಲೇ ಬಂದುಬಿಟ್ಟಿರುತ್ತಾರೆ.

“ಸಾರ್, ಒಂದ್ನಿಮಿಷ.” (ಇದು ಶಶಿಕುಮಾರ್. ಕರೆಯದೇ ಬಂದಿದ್ದಾನೆ.) “ನನ್ನನ್ನ ವಿಲನ್ ಮಾಡ್ತಿದೀರಾ ಅಂತ ಡೌಟು. ನೈಟ್ ಶಿಫ್ಟ್ ಇಟ್ಟಿದ್ರೆ ಅವ್ರು ಹೊತ್ತಲ್ಲದ ಹೊತ್ತಲ್ಲಿ ಒಬ್ರೇ ಕಾಡುಗೋಡಿಗೆ ಹೋಗ್ಬೇಕಿತ್ತು. ಕ್ಯಾಬ್ ಕೊಡಿ ಅಂದ್ರೆ ಮೇಲ್ನೋರು ಆಗಲ್ಲ ಅಂದ್ಬಿಟ್ರು. ಅದಕ್ಕೇ ಈ ಐಡಿಯಾ ಮಾಡಿದ್ದು. ಇವತ್ತಿನ ತನಕ ಒಂದಿನಾನೂ ತಪ್ಪಾಗಿಲ್ಲ ಕಣ್ರೀ.”

ನಿಜ. ತಪ್ಪಾಗಿರಲಿಲ್ಲ. ಹೋದವರೆಲ್ಲ ಬರುತ್ತಲೇ ಇದ್ದರು. ನಾನು ಅವನನ್ನು ಖಳನಾಯಕ ಮಾಡಬೇಕೆಂದಿದ್ದೆ, ಈಗ ಅದೂ ಕೈತಪ್ಪಿತು.

೪

ವರದಿಯ ಕೆಳಗೆ ಓದುಗರು ಬರೆಯುವ ಜಾಗವಿದೆ. ಅಲ್ಲಿಗೆ ಮಾರ್ಥಾ ಎಂಬಾಕೆ ದಿನಾ ಬರುತ್ತಿದ್ದಳು. ದೂರದ ಇನ್ನೊಂದು ದೇಶದವಳು. ಅವಳ ತಮ್ಮ ಆ ಲಾಡ್ಜಿನ ಅತಿಥಿ. ಫೋನು ಸರಿಯಾಗಿ ಸಿಗದ ಜಾಗವಾದ್ದರಿಂದ ತಮ್ಮನ ಸಮಾಚಾರಕ್ಕೆ ಅವಳಿಗೆ ಇದೊಂದೇ ದಾರಿ. ‘ಹಳದಿ ಜಾಕೆಟ್ ಹಾಕಿಕೊಂಡಿರುತ್ತಾನೆ. ಚಿಕ್ಕವನಿದ್ದಾಗಿನಿಂದ ಊಟ ಸರಿಯಿಲ್ಲ. ತಿಂದನೇ?’

ಮಹಾನಂದಾಳಿಗೆ ಕನಿಕರವಾಯಿತು. ತಿಂದನೋ ಇಲ್ಲವೋ ಅವಳಿಗೇನು ಗೊತ್ತು? ಆದರೂ ಅಂದಿನ ‘ಮರಳಿ ಬಂದರು’ ಪ್ಯಾರಾದಲ್ಲಿ ಒಂದು ಸಾಲು ಸೇರಿಸಿದಳು: ‘ಹಳದಿ ಜಾಕೆಟ್ಟಿನವರು ಎರಡನೇ ಬಟ್ಟಲು ಸೂಪ್ ಕೇಳಿ ಹಾಕಿಸಿಕೊಂಡರು.’

ಮಾರ್ಥಾ ಖುಷಿಯಾಗಿ ಬರೆದಳು, ‘ಎರಡನೆಯದೇ! ನನ್ನ ತಮ್ಮನೇ!’ ಮಾರನೆಯ ದಿನವೂ ಸೂಪ್. ಅದರ ಮಾರನೆಯ ದಿನವೂ. ಕೆನಡಾದ ಲಾಡ್ಜಿನಲ್ಲಿ ಯಾರೂ ಮಾಡದ ಸೂಪನ್ನು, ಯಾರೂ ನೋಡದ ತಮ್ಮನಿಗೆ, ಕಾಡುಗೋಡಿಯ ಹುರುಳಿಕಟ್ಟು ನೆನಪಿಸಿಕೊಂಡು ಮಹಾನಂದಾ ಬಡಿಸುತ್ತಿದ್ದಳು.

೫

ಆ ಗುರುವಾರ ಗೈಡಿನ ದನಿ ಬರಲಿಲ್ಲ.

ಕಂಪ್ಯೂಟರಿನಲ್ಲಿ ನಿನ್ನೆಯ ವರದಿ ಇತ್ತು. ನಸುಕಿನಲ್ಲಿ ತಾನಾಗಿ ಪ್ರಕಟವಾದ ಪ್ಯಾರಾ: ಎಲ್ಲರೂ ನಗುತ್ತ ಮರಳಿದರು, ಹಳದಿ ಜಾಕೆಟ್ಟಿನವರು ಎರಡನೇ ಬಟ್ಟಲು ಹಾಕಿಸಿಕೊಂಡರು. ಅದರ ಕೆಳಗೆ ಮಾರ್ಥಾ:

‘ಅವನು ಲಾಡ್ಜಿನಿಂದ ನಿನ್ನೆ ಹೇಗಾದರೂ ಫೋನ್ ಮಾಡುತ್ತೇನೆ ಅಂದಿದ್ದ, ನನ್ನ ಹುಟ್ಟುಹಬ್ಬ. ಮಾಡಲಿಲ್ಲ. ಅಲ್ಲಿನ ಪೊಲೀಸರಿಗೆ ಹೇಳಿದೆ. ಎಲ್ಲರೂ ಮರಳಿದ್ದಾರೆ ಎಂದು ಅವರ ವೆಬ್‌ಸೈಟಿನಲ್ಲೇ ಇದೆಯಲ್ಲ, ಗಾಬರಿಯಾಗಬೇಡಿ ಅಂದರು. ನಿಜ ಅಲ್ಲವೇ? ಸೂಪ್ ಕುಡಿದ ಅಂತ ನೀವೇ ಬರೆದಿದ್ದೀರಿ. ಕುಡಿದಿದ್ದರೆ ಬಂದಿದ್ದಾನೆ ತಾನೇ?’

ಮಹಾನಂದಾ ಎದ್ದು ಹೋಗಿ ಶಶಿಕುಮಾರನನ್ನು ಕರೆತಂದಳು.

ಶಶಿಕುಮಾರ್ ಕ್ಲೈಂಟಿಗೆ ಫೋನ್ ಮಾಡಿದ. ಲಾಡ್ಜಿನವರಲ್ಲ, ಲಾಡ್ಜಿನ ಪ್ರಚಾರ ನೋಡಿಕೊಳ್ಳುವ ಇನ್ಯಾರೋ. ಅವರು ಹೇಳಿದ್ದು ಒಂದೇ ಮಾತು: ಎಂದಿನಂತೆ ಮುಂದುವರಿಸಿ.

“ಅಂದ್ರ ಏನ್ರಿ ಅರ್ಥ? ಏನೋ ಆಗ್ಯದ ಅಂತಾನೋ, ಆಗಿಲ್ಲ ಅಂತಾನೋ?”

“ನೆಟ್‌ವರ್ಕ್ ಪ್ರಾಬ್ಲಂ ಇರ್ಬೇಕು ಬಿಡ್ರಿ. ನಿನ್ನೇದನ್ನೇ ಸ್ವಲ್ಪ ತಿರುಗ್ಸಿ ಬರೀರಿ. ಆಯಮ್ಮನಿಗೆ ಮಾತ್ರ ರಿಪ್ಲೈ ಮಾಡ್ಬೇಡಿ.”

“ಯಾಕ್ ಮಾಡಬಾರ್ದ್ರಿ?”

ಶಶಿಕುಮಾರ್ ತನ್ನ ಮೇಜಿನ ಕಡೆ ತಿರುಗಿದ. ನೆಟ್‌ವರ್ಕ್ ಎಂಬ ಮಾತನ್ನು ಅವನೂ ನಂಬಿರಲಿಲ್ಲ ಎಂದು ನನ್ನ ಗುಮಾನಿ.

೭

(ಆರನೆಯದನ್ನು ಅಳಿಸಿದ್ದೇನೆ. ಅದರಲ್ಲಿ ಹಿಮಕುಸಿತವಿತ್ತು. ಬಹಳ ಚೆನ್ನಾಗಿ ಬಂದಿತ್ತು. ಬರೆಯುತ್ತ ನನಗೆ ಖುಷಿಯಾಗುತ್ತಿತ್ತು ಎಂಬುದು ಗೊತ್ತಾಗಿ ಹೇಸಿಗೆಯಾಯಿತು.)

ಈಗ ಕಥೆಯನ್ನು ಮುಗಿಸಬೇಕು. ಒಂದು ಮುಗಿತಾಯ ಹೀಗಿದೆ: ಗೈಡಿನ ದನಿ ತಡವಾಗಿ ಬರುತ್ತದೆ. ಬಿರುಗಾಳಿಗೆ ಆಂಟೆನಾ ಬಿದ್ದಿತ್ತಂತೆ. ಎಲ್ಲರೂ ಕ್ಷೇಮ. ಹಳದಿ ಜಾಕೆಟ್ಟಿನ ತಮ್ಮ ನಿಜವಾಗಿಯೂ ಎರಡನೇ ಬಟ್ಟಲು ಸೂಪ್...

“ಏನ್ರಿ ಸರ ಇದು?”

ಮಹಾನಂದಾ. ನನ್ನ ಮೇಜಿನ ಈಚೆ ಬಂದಿದ್ದಾಳೆ.

“ಸೂಪ್ ನಾ ಮಾಡಿದ್ರಿ. ಅಂವ ಕುಡಿದ ಅಂತ ನೀವು ಹ್ಯಾಂಗ ಬರೀತೀರಿ?”

“ಕಥೆಯಮ್ಮಾ ಇದು. ಓದುಗರಿಗೆ ಸಮಾಧಾನ ಬೇಕಲ್ಲ.”

“ಮಾರ್ಥಾಗೂ ಸಮಾಧಾನ ಬೇಕಿತ್ರಿ. ಅದಕ್ಕ ನಾ ಕೊಟ್ಟೆ. ಈಗ ನೋಡ್ರಿ, ನಾ ಕೊಟ್ಟ ಸಮಾಧಾನ ಓದಿ ಪೊಲೀಸರು ಆರಾಮ ಕುಂತಾರ. ಅಂವ ಹಿಮದಾಗ ಬಿದ್ದಿದ್ರ ಹುಡುಕೋರು ಯಾರು?”

“ಹಾಗಾದರೆ ಸತ್ತ ಅಂತ ಬರೆಯಲೇ?”

“ನಿಮಗ ಗೊತ್ತದೇನ್ರಿ, ಸತ್ತಾನಂತ?”

“ಇಲ್ಲ.”

“ಹಿಮಾನರೆ ನೋಡೀರೇನ್ರಿ?”

ಫ್ರಿಜ್ಜಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಅವಳು ನನ್ನನ್ನು ನೋಡಿದ ರೀತಿಯನ್ನು ಪಿಳ್ಳಮ್ಮನಿಂದ ಕಲಿತಿದ್ದಳು. ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ನಾನೇ ಹುಟ್ಟಿಸಿದವಳು ನನ್ನನ್ನು ಸುಳ್ಳನೆಂದು ಹಿಡಿದಿದ್ದಳು.

೮

ಇನ್ನೊಂದು ಮುಗಿತಾಯವೂ ಇತ್ತು, ಮಹಾನಂದಾ ಏನೂ ಬರೆಯದೆ ಎದ್ದುಹೋಗುವುದು. ಸೊಗಸಾದ ಮೌನ. ವಿಮರ್ಶಕರಿಗೆ ಇಷ್ಟವಾಗುತ್ತಿತ್ತು. ಆದರೆ ಸುಮ್ಮನಿದ್ದರೆ ಆ ಹಳೆಯ ಪ್ಯಾರಾ ಅಲ್ಲೇ ಇರುತ್ತದೆ, ಆ ತಮ್ಮ ಅಲ್ಲೇ ಸೂಪ್ ಕುಡಿಯುತ್ತ ಕೂತಿರುತ್ತಾನೆ.

ಅವಳು ನನ್ನನ್ನು ಕೇಳಲಿಲ್ಲ. ತನ್ನ ಮೇಜಿಗೆ ಮರಳಿದಳು. ‘ಎಲ್ಲರೂ ನಗುತ್ತ ಮರಳಿದರು’ ಎಂಬ ಪ್ಯಾರಾವನ್ನು ಆರಿಸಿ ಅಳಿಸಿದಳು. ಆಮೇಲೆ ಮಾರ್ಥಾಳ ಪ್ರಶ್ನೆಯ ಕೆಳಗೆ ಇಂಗ್ಲಿಷಿನಲ್ಲಿ ಬರೆದಳು. ಕನ್ನಡಕ್ಕೆ ತಂದವನು ನಾನು, ಅದರ ಮೇಲೂ ನಿಮ್ಮ ಗುಮಾನಿ ಇರಲಿ:

‘ಮಾರ್ಥಾ, ನಾನು ಬೆಟ್ಟದಲ್ಲಿಲ್ಲ. ಬೆಂಗಳೂರಿನಲ್ಲಿದ್ದೇನೆ. ನಿಮ್ಮ ತಮ್ಮ ಮರಳಿದ್ದನ್ನು ನಾನು ನೋಡಿಲ್ಲ. ಅವರು ಹೊರಡುವ ಮೊದಲೇ ಆ ಸಾಲು ಬರೆದಿದ್ದೆ. ಸೂಪ್ ನಾನು ಕಟ್ಟಿದ ಸುಳ್ಳು. ಇದನ್ನು ಈಗಲೇ ಪೊಲೀಸರಿಗೆ ತೋರಿಸಿ, ಹುಡುಕಲು ಹೇಳಿ.’

ಶಶಿಕುಮಾರ್ ಅವಳ ಬೆನ್ನ ಹಿಂದೆ ನಿಂತು ಓದುತ್ತಿದ್ದ. “ಮಹಾನಂದಾ, ಇದು ಹೋದ್ರೆ ಕೆಲ್ಸ ಹೋಗತ್ತೆ. ಇಬ್ರದ್ದೂ.”

“ಗೊತ್ತದ್ರಿ.”

ಅವನು ಕೈ ಚಾಚಿ ಕಂಪ್ಯೂಟರ್ ಆರಿಸುತ್ತಾನೆ ಎಂದು ನಾನು ಕಾದೆ. (ಅವನ ಬಗ್ಗೆ ನನ್ನ ಅನುಮಾನ ಕೊನೆಯವರೆಗೂ ಹೋಗಲಿಲ್ಲ.) ಅವನು ಹೋಗಿ ಒಂದು ಲೋಟ ನೀರು ತಂದು ಅವಳ ಪಕ್ಕ ಇಟ್ಟ. ಅವಳು ಗುಂಡಿ ಒತ್ತಿದಳು.

೯

ಹಾಗಾದರೆ ತಮ್ಮ ಬಂದನೇ?

ನೀವು ಕೇಳುತ್ತೀರಿ ಎಂದು ಗೊತ್ತಿತ್ತು. ಇಷ್ಟು ಓದಿದ್ದೀರಿ, ಕೇಳುವ ಹಕ್ಕಿದೆ. ನಾನು ನಾಗಸಂದ್ರದಲ್ಲಿದ್ದೇನೆ. ನಾನು ನೋಡಿಲ್ಲ.

ನಾನು ಬರೆಯಬಲ್ಲದ್ದು ಕಾಡುಗೋಡಿಯವರೆಗೆ ಮಾತ್ರ. ಮಹಾನಂದಾ ಮೆಟ್ರೋ ಇಳಿದು, ತರಕಾರಿ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಮನೆಗೆ ಬಂದಳು. ಮೆಟ್ಟಿಲ ಬಳಿ ನಿಂತಿದ್ದ ಪಿಳ್ಳಮ್ಮ ಅವಳ ಮುಖ ನೋಡಿದಳು.

“ಯಾಕವ್ವಾ ಇಂಗಿದ್ದೀಯ? ಕೆಲ್ಸ ಓಯ್ತಾ?”

“ಹೋಗ್ತದ್ರಿ.”

“ಏನ್ ಮಾಡ್ದೆ ಅಂತಾದ್ದು?”

“ನಾ ಅಲ್ಲಿಗೆ ಹೋಗಿಲ್ಲ ಅಂತ ಹೇಳ್ದೆ.”

ಪಿಳ್ಳಮ್ಮ ಇದರಲ್ಲೂ ಏನಾದರೂ ಮಸಲತ್ತು ಇರಬಹುದೇ ಎಂದು ನೋಡಿದಳು. ಆಮೇಲೆ ಒಳಗೆ ಕರೆದು ಕೂರಿಸಿ ಸಾರು ಬಡಿಸಿದಳು. ಮಹಾನಂದಾ ಫೋನನ್ನು ಬಟ್ಟಲ ಪಕ್ಕದಲ್ಲೇ ಇಟ್ಟುಕೊಂಡಳು. ಅವಳ ಮಾತಿನ ಕೆಳಗೆ ಮಾರ್ಥಾ ಒಂದೇ ಸಾಲು ಬರೆದಿದ್ದಳು: ‘ಹಾಗಾದರೆ ಅವನು ಊಟ ಮಾಡಿಲ್ಲ.’

ಮಹಾನಂದಾ ಅಳತೊಡಗಿದಳು. ಮೊದಲನೆಯ ಬಟ್ಟಲು ಹಾಗೂ ಹೀಗೂ ಖಾಲಿಯಾಯಿತು. ಪಿಳ್ಳಮ್ಮ ಸೌಟು ಹಿಡಿದು ಪಕ್ಕದಲ್ಲಿ ನಿಂತಳು.

“ಇನ್ನೊಂದ್ ಬಟ್ಲು ಆಕ್ಲಾ?”

ಅವಳು ಹಾಕಿಸಿಕೊಂಡಳೋ ಇಲ್ಲವೋ, ನಾನು ಬರೆಯುವುದಿಲ್ಲ.